ದೇಹಭಾಷೆ ಬಗ್ಗೆ ಕಾಲೇಜು ಪ್ರಾಜೆಕ್ಟ್: ಒಂದು ಅಂಗಡಿ, ಒಂದು ಸನ್ನೆ ಸಾಕು

ನಿಮ್ಮ ಪ್ರಶ್ನೆ ಇಷ್ಟು: ಬಿಎ ಪತ್ರಿಕೋದ್ಯಮ, ಎರಡನೇ ವರ್ಷ. ದೇಹಭಾಷೆ ಮೇಲೆ ಪ್ರಾಜೆಕ್ಟ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ, ಏನು ಓದಲಿ, 'ಸಂವಹನದಲ್ಲಿ ಮಾತಿನ ಪಾಲು ಬರೀ ಶೇ 7, ಉಳಿದ ಶೇ 93 ದೇಹಭಾಷೆ' ಅನ್ನೋದನ್ನು ಮೊದಲ ಪುಟದಲ್ಲಿ ಹಾಕಬಹುದಾ? ನಾನು ಡಿಗ್ರಿ ಕಾಲೇಜಿನಲ್ಲಿ ಸಂವಹನದ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಈ ವಿಷಯ ಹಿಡಿದುಕೊಂಡು ಬರುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ ಶೇ 93. ದಯವಿಟ್ಟು ಹಾಕಬೇಡಿ. ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಂಗಡಿಗರು 1967ರಲ್ಲಿ ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಒಂದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ ಕೇಳಿಸಿದ್ದರು. ಇನ್ನೊಂದರಲ್ಲಿ 'ಮೇ ಬಿ' ಅನ್ನುವ ಒಂದೇ ಪದ, ಜೊತೆಗೆ ಮುಖದ ಫೋಟೊ. ಹೇಳಿದವರಿಗೆ ಎದುರಿನವರ ಮೇಲೆ ಇಷ್ಟ ಇದೆಯೋ ಇಲ್ಲವೋ ಅಂತ ಊಹಿಸಬೇಕಿತ್ತು. ಎರಡನ್ನೂ ಸೇರಿಸಿ ಪದಕ್ಕೆ 7, ದನಿಗೆ 38, ಮುಖಕ್ಕೆ 55 ಅಂತ ಲೆಕ್ಕ ಕಟ್ಟಿದರು. ಕೈ, ಕಾಲು, ನಿಲ್ಲುವ ಭಂಗಿ ಯಾವುದೂ ಅಲ್ಲಿ ಇರಲೇ ಇಲ್ಲ! ಇಷ್ಟಾನಿಷ್ಟದ ಮಾತಿಗೆ ಬಿಟ್ಟರೆ ಬೇರೆ ಕಡೆ ಈ ಲೆಕ್ಕ ಹೊಂದೋದಿಲ್ಲ ಅಂತ ಮೆಹ್ರೇಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಟ್ರೈನಿಂಗ್ ಕ್ಲಾಸುಗಳಲ್ಲಿ ಮಾತ್ರ ಅದು ಇವತ್ತಿಗೂ ಓಡುತ್ತಿದೆ. ನಿಮಗೆ ಒಂದು ಅಧ್ಯಾಯ ಬೇಕಿದ್ದರೆ ಇದನ್ನೇ ಬರೆಯಿರಿ: ಒಂದು ಸಣ್ಣ ಪ್ರಯೋಗ ಹೇಗೆ ದೊಡ್ಡ ಸುಳ್ಳಾಗಿ ಬೆಳೆಯಿತು ಅಂತ.

ಇಂಥ ಇನ್ನೂ ಎರಡಿವೆ. ಕೈಕಾಲು ಅಗಲಿಸಿ, ಮೈ ಹರಡಿ ಕೂತರೆ ಇಲ್ಲವೇ ನಿಂತರೆ ದೇಹದಲ್ಲಿ ಹಾರ್ಮೋನ್ ಬದಲಾಗಿ ಧೈರ್ಯ ಬರುತ್ತದೆ ಅನ್ನುವ 'ಪವರ್ ಪೋಸ್' ಪ್ರಯೋಗ 2010ರದ್ದು, 42 ಜನರ ಮೇಲೆ ಮಾಡಿದ್ದು. 2015ರಲ್ಲಿ ಬೇರೆಯವರು 200 ಜನರ ಮೇಲೆ ಮಾಡಿ ನೋಡಿದರೆ ಹಾರ್ಮೋನ್ ಬದಲಾಗಲಿಲ್ಲ. ಮೂಲ ಪ್ರಯೋಗದ ಮೊದಲ ಲೇಖಕಿ ಡೇನಾ ಕಾರ್ನಿ, ಆ ಪರಿಣಾಮ ನಿಜ ಅಂತ ತಾವು ನಂಬುವುದಿಲ್ಲ ಅಂತ 2016ರಲ್ಲಿ ಬಹಿರಂಗವಾಗಿ ಬರೆದರು. ಇನ್ನೊಂದು, ಕಣ್ಣು ನೋಡಿ ಸುಳ್ಳು ಹಿಡಿಯುವುದು. 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಅನ್ನುವ ಮನೋವಿಜ್ಞಾನಿಗಳು ಅನೇಕ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಜನ ಸುಳ್ಳು-ನಿಜ ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ ಅಲ್ವಾ?

ಈಗ ಅಸಲು ವಿಷಯ. ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡೋದು ಎಲ್ಲಿ ಅಂದರೆ, ಸನ್ನೆ ಕಂಡ ತಕ್ಷಣ ಅದರ ಅರ್ಥ ಬರೆದುಬಿಡುತ್ತಾರೆ. 'ಕೈ ಕಟ್ಟಿಕೊಂಡಿದ್ದರು, ಅಂದರೆ ಮನಸ್ಸು ಮುಚ್ಚಿಕೊಂಡಿದ್ದರು' ಅಂತ. ಇದು ಬೇರೆ ದೇಶದ ಪುಸ್ತಕದಿಂದ ಎತ್ತಿದ ಅರ್ಥ. ನಮ್ಮ ಪ್ರೈಮರಿ ಶಾಲೆಯಲ್ಲಿ 'ಕೈ ಕಟ್, ಬಾಯ್ ಮುಚ್' ಅಂದರೆ ಪಾಠ ಕೇಳೋಕೆ ರೆಡಿಯಾಗಿ ಅಂತ. ಹಿರಿಯರ ಮುಂದೆ ಕೈ ಕಟ್ಟಿ ನಿಂತರೆ ಅದು ವಿನಯ. ತಲೆ ತಗ್ಗಿಸಿ ಉತ್ತರ ಕೊಡುವ ಹುಡುಗಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಅಂತಲೂ ಅಲ್ಲ. ಅದಕ್ಕೇ ಹೇಳೋದು, ಕಂಡದ್ದನ್ನು ಒಂದು ಕಡೆ ಬರೆಯಿರಿ, ಅರ್ಥವನ್ನು ಆಮೇಲೆ ಹುಡುಕಿ.

ಈ ಶಿಸ್ತು ಹೊಸದೇನಲ್ಲ. 1867ರಲ್ಲಿ ಚಾರ್ಲ್ಸ್ ಡಾರ್ವಿನ್ 16 ಪ್ರಶ್ನೆಗಳ ಪಟ್ಟಿ ಮಾಡಿ ಬೇರೆ ಬೇರೆ ದೇಶಗಳಲ್ಲಿದ್ದವರಿಗೆ ಕಳಿಸಿದರು. ನಾಚಿಕೆಯಾದಾಗ ಮುಖ ಕೆಂಪಾಗುತ್ತದಾ, ಬೆರಗಾದಾಗ ಹುಬ್ಬು ಮೇಲೇರುತ್ತದಾ, ಇಂಥವು. ನೆನಪಿನಿಂದ ಬರೆಯಬೇಡಿ, ನೆನಪು ಮೋಸ ಮಾಡುತ್ತದೆ ಅಂತಲೂ ಅದರಲ್ಲಿ ಬೇಡಿಕೊಂಡಿದ್ದರು. ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್‌ನಿಂದಲೂ ಅವರಿಗೆ ಉತ್ತರ ಹೋಗಿತ್ತು. 1872ರಲ್ಲಿ ಭಾವಗಳ ಬಗ್ಗೆ ಅವರ ಪುಸ್ತಕ ಬಂತು. ಕೊನೆಯ, ಅಂದರೆ 16ನೇ ಪ್ರಶ್ನೆ ಇದು: ಹೌದು ಅನ್ನೋಕೆ ತಲೆ ಮೇಲೆ-ಕೆಳಗೆ, ಇಲ್ಲ ಅನ್ನೋಕೆ ಅಡ್ಡಡ್ಡ ಆಡಿಸುತ್ತಾರಾ?

ಆ 16ನೇ ಪ್ರಶ್ನೆಯನ್ನೇ ನೀವು ತೊಗೊಳ್ಳಿ. ನಮ್ಮಲ್ಲಿ ತಲೆ ಆಡಿಸೋದು ಎರಡೇ ಥರ ಅಲ್ಲವಲ್ಲ! ಬಡಾವಣೆಯ ಒಂದು ದಿನಸಿ ಅಂಗಡಿ ಆರಿಸಿಕೊಳ್ಳಿ. ಅಂಗಡಿಯವರು ಮಾತಾಡದೆ ಕೊಡುವ ಉತ್ತರಗಳನ್ನಷ್ಟೇ ನೋಡಿ. ಹಾಳೆಯಲ್ಲಿ ಮೂರು ಕಾಲಂ ಸಾಕು: ಗಿರಾಕಿ ಏನು ಕೇಳಿದರು, ಅಂಗಡಿಯವರ ತಲೆ-ಕೈ-ಬಾಯಿ ಏನು ಮಾಡಿತು, ಆಮೇಲೆ ಗಿರಾಕಿ ಏನು ಮಾಡಿದರು. ಮೂರನೆಯದೇ ಮುಖ್ಯ. ಸನ್ನೆಯ ಅರ್ಥ ಏನಾಗಿತ್ತು ಅನ್ನೋದನ್ನು ನೀವು ಊಹಿಸಬೇಕಿಲ್ಲ, ಗಿರಾಕಿಯೇ ತೋರಿಸಿಕೊಡುತ್ತಾರೆ.

ನನ್ನ ವಿದ್ಯಾರ್ಥಿಗಳ ಹಾಳೆಯಲ್ಲಿ ಸಿಕ್ಕ ಮೂರು ಉದಾಹರಣೆ ನೋಡಿ. ಒಬ್ಬರು 'ಸೋನಾಮಸೂರಿ ಐದು ಕೆಜಿ' ಅಂದರು. ಅಂಗಡಿಯವರ ಕಿವಿಯಲ್ಲಿ ಫೋನ್ ಇತ್ತು. ತಲೆಯನ್ನು ಒಂದು ಸಲ ಭುಜದ ಕಡೆ ವಾಲಿಸಿದರು. ಗಿರಾಕಿ ಚೀಲವನ್ನು ಕೌಂಟರ್ ಮೇಲಿಟ್ಟು ನಿಂತರು. ಅಲ್ಲಿಗೆ ಅದು 'ಹೂಂ'. ಆಮೇಲೆ ಒಬ್ಬ ಹುಡುಗ 'ಅಂಕಲ್, ಕಲರ್ ಪೇಪರ್ ಇದ್ಯಾ?' ಅಂದ. ಅಂಗಡಿಯವರು ಲೊಚಗುಟ್ಟಿದರು, ಜೊತೆಗೆ ಅಂಗೈ ಬಿಚ್ಚಿ ತಿರುಗಿಸಿದರು. ಕೈ ಪೂರ್ತಿ ತಿರುಗುವ ಮೊದಲೇ ಹುಡುಗ ವಾಪಸ್ ಹೊರಟಿದ್ದ. ಅಂದರೆ ಅವನಿಗೆ ನಾಲಿಗೆಯ ಆ ಸದ್ದೇ ಸಾಕಾಗಿತ್ತು. ಮೂರನೆಯವರು 'ಅಣ್ಣ, ಇದನ್ನ ಲೆಕ್ಕಕ್ಕೆ ಬರ್ಕೊಳ್ಳಿ' ಅಂದರು. ಮತ್ತೆ ಅದೇ ಭುಜದ ಕಡೆಯ ವಾಲು. ಆದರೆ ಸಾಲದ ಪುಸ್ತಕ ಹೊರಗೆ ಬರಲಿಲ್ಲ. ಅವರು ಸಾಮಾನು ಮುಟ್ಟದೆ ನಿಂತು, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ ಕೇಳಿದರು. ಅಕ್ಕಿಗೆ 'ಹೂಂ' ಆಗಿದ್ದ ಸನ್ನೆ ಸಾಲಕ್ಕೆ 'ನೋಡೋಣ' ಆಯಿತು. ಯಾವ ಪುಸ್ತಕದಲ್ಲೂ ಇದು ನಿಮಗೆ ಸಿಗೋದಿಲ್ಲ, ಕೌಂಟರ್ ಪಕ್ಕ ನಿಂತರೆ ಮಾತ್ರ ಸಿಗುತ್ತದೆ.

ಇಬ್ಬರು ಸೇರಿ ನೋಡಿ, ಆದರೆ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. 'ಒಪ್ಪಿಗೆಯಿಂದ ತಲೆಯಾಡಿಸಿದರು' ಅಂತ ಬರೆದರೆ ಅಲ್ಲೇ ಅರ್ಥ ನುಸುಳಿತು. 'ಭುಜದ ಕಡೆ ವಾಲಿಸಿದರು, ಒಂದು ಸಲ' ಅಂತಷ್ಟೇ ಬರೆಯಬೇಕು. ಆಮೇಲೆ ಹೋಲಿಸಿ. 50 ಸನ್ನೆಗಳಲ್ಲಿ 40 ಇಬ್ಬರ ಹಾಳೆಯಲ್ಲೂ ಹೊಂದಿದರೆ ಶೇ 80. ಆದರೆ ಹೆಚ್ಚಿನವೆಲ್ಲ ಒಂದೇ ಥರದ ಸನ್ನೆ ಆಗಿದ್ದರೆ ಸುಮ್ನೆ ಅದನ್ನೇ ಬರೆಯುತ್ತಾ ಹೋದರೂ ಹೊಂದಿಬಿಡುತ್ತದೆ. ಆ ಆಕಸ್ಮಿಕವನ್ನು ಕಳೆದು ಲೆಕ್ಕ ಹಾಕೋಕೆ 'ಕೋಹೆನ್ಸ್ ಕಪ್ಪ' ಅಂತ ಒಂದು ಸೂತ್ರ ಇದೆ. ಎಕ್ಸೆಲ್‌ನಲ್ಲೇ ಮಾಡಬಹುದು.

ಅಂಗಡಿಯವರಿಗೆ ಮೊದಲೇ ಹೇಳಿ ಒಪ್ಪಿಗೆ ತೊಗೊಳ್ಳಿ. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದಾಗ ಅವರು ಮೊದಮೊದಲು ಜಾಸ್ತಿ ಮಾತಾಡುತ್ತಾರೆ, ಹಾಗಾಗಿ ಮೊದಲ ದಿನದ ಹಾಳೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕದ್ದು ವಿಡಿಯೊ ಮಾಡೋದು ಬೇಡವೇ ಬೇಡ. ಗಿರಾಕಿಗಳ ಹೆಸರು, ಯಾರು ಸಾಲ ಕೇಳಿದರು ಅನ್ನೋ ಗುರುತು ಎಲ್ಲೂ ಇರಬಾರದು. ಅದು ಅವರ ಮರ್ಯಾದೆಯ ಪ್ರಶ್ನೆ.

ಓದೋದಕ್ಕೆ ಅಮೆರಿಕದ ಮನೋವಿಜ್ಞಾನಿಗಳಾದ ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ ಅವರ 1969ರ ಲೇಖನ ಸಾಕಷ್ಟಾಯಿತು. ಮಾತಿನ ಬದಲಿಗೇ ನಿಲ್ಲುವ ಸನ್ನೆಗಳನ್ನು ಅವರು 'ಎಂಬ್ಲಮ್' ಅನ್ನುತ್ತಾರೆ. ಅಂಗೈ ತಿರುಗಿಸಿ 'ಇಲ್ಲ' ಅಂದದ್ದು ಅದೇ. ಮಾತಿನ ಜೊತೆಗೆ ಓಡಾಡುವ ಕೈ ಬೇರೆ ಜಾತಿ. ಜನ ಒಬ್ಬರಿಂದೊಬ್ಬರು ಎಷ್ಟು ದೂರ ಇರುತ್ತಾರೆ ಅನ್ನುವ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರ ಲೆಕ್ಕವನ್ನು (ತೀರಾ ಆಪ್ತರು 18 ಇಂಚಿನೊಳಗೆ, ಪರಿಚಿತರು 4 ಅಡಿಯೊಳಗೆ, ವ್ಯವಹಾರದವರು 12 ಅಡಿಯೊಳಗೆ) ಎಲ್ಲರೂ ಹಾಕುತ್ತಾರೆ. ಅದು ಅಮೆರಿಕದವರನ್ನು ನೋಡಿ ಮಾಡಿದ್ದು ಅನ್ನೋದನ್ನು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ನಾಟ್ಯಶಾಸ್ತ್ರವನ್ನೂ ತೆರೆದು ನೋಡಿ. ತಲೆಯ ಚಲನೆಯನ್ನೇ 13 ಬಗೆಯಾಗಿ ಅಲ್ಲಿ ವಿಂಗಡಿಸಿದ್ದಾರೆ. ಅದು ರಂಗದ ಮೇಲಿನ ಅಭಿನಯಕ್ಕೆ, ನಿಮ್ಮದು ಅಂಗಡಿಯದು. ಆದರೂ ಇಷ್ಟು ಸೂಕ್ಷ್ಮವಾಗಿ ನೋಡಬಹುದು ಅಂತ ಕಣ್ಣು ತೆರೆಸುತ್ತದೆ. ಭಾರತದ ಪಿಎಚ್‌ಡಿ ಪ್ರಬಂಧಗಳು 'ಶೋಧಗಂಗಾ' ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಕಿವುಡರ ಸಂಜ್ಞಾಭಾಷೆಯನ್ನು ದೇಹಭಾಷೆಯ ಅಧ್ಯಾಯಕ್ಕೆ ಸೇರಿಸಬೇಡಿ. ಅದಕ್ಕೆ ಪದಗಳಿವೆ, ವ್ಯಾಕರಣ ಇದೆ. ಕನ್ನಡದ ಹಾಗೇ ಅದೂ ಪೂರ್ತಿ ಭಾಷೆ. ಪ್ರಾಜೆಕ್ಟ್‌ಗಳಲ್ಲಿ ಇದನ್ನು ಬೆರೆಸಿ ಬರೆದದ್ದು ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ನಿಮ್ಮ ಊರ ಹತ್ತಿರ ದನಗಳ ಜಾತ್ರೆ ನಡೆಯುತ್ತಿದ್ದರೆ ಅಂಗಡಿ ಬಿಟ್ಟು ಅಲ್ಲಿಗೇ ಹೋಗಿ. ದೊಡ್ಡಬಳ್ಳಾಪುರದ ಕಡೆಯವರಾದರೆ ಘಾಟಿ ಸುಬ್ರಹ್ಮಣ್ಯ ಇದೆ. ದಲ್ಲಾಳಿ ಮತ್ತು ರೈತ ಟವೆಲ್ ಅಡಿ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ರೇಟು ಗೊತ್ತಾಗಲ್ಲ. ಅಲ್ಲಿ ನಿಮಗೆ ಬೆರಳು ಕಾಣೋದಿಲ್ಲ, ಹಾಗಾಗಿ ವ್ಯಾಪಾರ ಮುಗಿದ ಮೇಲೆ ದಲ್ಲಾಳಿಯನ್ನು ಚಹಾಕ್ಕೆ ಕರೆದು, ನಿಮ್ಮ ಬೆರಳನ್ನೇ ಹಿಡಿಸಿ ಲೆಕ್ಕ ಕಲಿಯಬೇಕು. ನಿಮ್ಮ ಊರು ಯಾವುದು, ಪ್ರಾಜೆಕ್ಟ್‌ಗೆ ಎಷ್ಟು ವಾರ ಇದೆ ಅಂತ ಕೆಳಗೆ ಬರೆಯಿರಿ. ಅದಕ್ಕೆ ತಕ್ಕ ಹಾಗೆ ಹಾಳೆಯ ಕಾಲಂಗಳನ್ನು ಹಾಕಿಕೊಡುತ್ತೇನೆ.