ಗೊಂಬೆಯ ಮುಖ ಉಜ್ಜಿದ ಮಗು

ದಸರಾ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಗೊಂಬೆಯ ಪ್ರಶ್ನೆಗಳೇ ಜಾಸ್ತಿ. ಮಕ್ಕಳ ಮನಶ್ಶಾಸ್ತ್ರದ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಅವೇ ಐದಾರು ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಅವುಗಳಲ್ಲಿ ಒಂದಕ್ಕೆ ಈ ಸಲ ಪೂರ್ತಿ ಉತ್ತರ ಬರೆಯಲೇಬೇಕು. ಉಳಿದವಕ್ಕೆ ಕೊನೆಯಲ್ಲಿ ಒಂದೆರಡು ಮಾತು ಸಾಕು.

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಸ್ವಲ್ಪ ಕಪ್ಪಗಿದ್ದಾಳೆ. ಅವಳ ಹತ್ತಿರ ಬೆಳ್ಳಗಿನ, ಹೊಂಬಣ್ಣದ ಕೂದಲಿನ ಗೊಂಬೆ ಇದೆ. "ನಾನ್ಯಾಕೆ ಇದರ ಹಾಗಿಲ್ಲ?" ಎಂದು ಅಳುತ್ತಾಳೆ. ಪೌಡರ್ ಡಬ್ಬಿ ಪೂರ್ತಿ ಮುಖಕ್ಕೆ ಸುರಿದುಕೊಂಡಿದ್ದಳು. ಗೊಂಬೆಯನ್ನು ಎತ್ತಿಟ್ಟುಬಿಡಲೇ? ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚಿದರೆ ಬಣ್ಣ ಬರುತ್ತದೆ ಅಂತಾರೆ ಅತ್ತೆ. ಪಾರ್ಲರ್‌ನವರು ಒಂದು ಕ್ರೀಮ್ ಕೊಟ್ಟಿದ್ದಾರೆ, ಹಚ್ಚಬಹುದಾ?

ಮೊದಲು ಎದ್ದು ಹೋಗಿ ಆ ಕ್ರೀಮನ್ನು ಕಸಕ್ಕೆ ಹಾಕಿ. ಮಿಕ್ಕಿದ್ದು ಆಮೇಲೆ ಓದಿ. ಹೆಸರಿಲ್ಲದ ಇಂಥ ಕ್ರೀಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ, ಕೆಲವದರಲ್ಲಿ ಪಾದರಸ. ಸ್ಟೀರಾಯ್ಡ್‌ನಿಂದ ಚರ್ಮ ತೆಳುವಾಗುತ್ತದೆ. ಹಚ್ಚುವುದು ನಿಲ್ಲಿಸಿದ ಕೂಡಲೇ ಮುಖ ಕೆಂಪೇರಿ ಉರಿಯುತ್ತದೆ. ಪಾದರಸ ಕಿಡ್ನಿಗೆ ಪೆಟ್ಟು ಕೊಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದ ಹಲವರಿಗೆ ಕಿಡ್ನಿ ಕಾಯಿಲೆ ಬಂದದ್ದು ಸುದ್ದಿಯಾಗಿತ್ತು. ಕಡಲೆಹಿಟ್ಟಿನಿಂದ ಹೋಗುವುದು ಕೊಳೆ ಮಾತ್ರ. ಮೈಬಣ್ಣ ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಂದ ಬಂದದ್ದು. ಬಸುರಿನಲ್ಲಿ ಕೇಸರಿ ಹಾಲು ಕುಡಿದರೂ ಅದು ಬದಲಾಗುವುದಿಲ್ಲ. ಹಾಗೆಂದು ನಂಬಿಸಿ ದುಬಾರಿ ಬೆಲೆಗೆ ಕೇಸರಿ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನು ಗೊಂಬೆಯ ಮಾತು. ಕೆಲವು ವರ್ಷದ ಹಿಂದೆ ಆರು ವರ್ಷದ ಹುಡುಗಿಯೊಬ್ಬಳನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಕಂದು ಬಣ್ಣ ಬಳಿದ ಮರದ ಗೊಂಬೆ. "ಇವಳ ಬಣ್ಣದ್ದೇ ಇರಲಿ" ಎಂದು ಚಿಕ್ಕಮ್ಮ ಹುಡುಕಿ ತಂದಿದ್ದಂತೆ. ಆ ಗೊಂಬೆಯ ಎಡಗೆನ್ನೆಯಲ್ಲಿ ಬಣ್ಣ ಹೋಗಿ, ಒಳಗಿನ ಬಿಳಿ ಮರ ಕಾಣುತ್ತಿತ್ತು. ಬಚ್ಚಲಲ್ಲಿ ಮೈ ಉಜ್ಜುವ ಕಲ್ಲಿನಿಂದ ದಿನಾ ಸ್ವಲ್ಪ ಸ್ವಲ್ಪ ಉಜ್ಜಿದ್ದಾಳೆ. "ಇಲ್ಲಿ ನೋಡಿ ಆಂಟಿ, ಇಷ್ಟು ಬೆಳ್ಳಗಾಗಿದೆ" ಎಂದು ಬೆರಳಿಟ್ಟು ತೋರಿಸಿದಳು. ಅವಳ ಮೊಣಕೈ ಮೇಲೂ ತರಚು ಗಾಯ ಇತ್ತು.

"ನಾವು ಬಣ್ಣದ ಬಗ್ಗೆ ಏನೂ ಅಂದಿಲ್ಲ ಮೇಡಂ" ಅಂದರು ತಾಯಿ. ಹತ್ತು ನಿಮಿಷ ಆಗಿರಲಿಲ್ಲ, ಪಕ್ಕದಲ್ಲಿದ್ದ ಅಜ್ಜಿ, "ಬಿಸಿಲಿಗೆ ಬಿಡಬೇಡ ಅಂದರೆ ಕೇಳೋಲ್ಲ. ಅಕ್ಕನ ಬಣ್ಣ ಇವಳಿಗೆ ಬರಲೇ ಇಲ್ಲ" ಅಂದರು. ಗೊಂಬೆಯ ಕೂದಲು ನೇವರಿಸುತ್ತಿದ್ದ ಮಗುವಿನ ಕೈ ಅಲ್ಲೇ ನಿಂತಿತು. ಅಜ್ಜಿ ಕೆಟ್ಟವರಲ್ಲ. ಮೊಮ್ಮಗಳ ಮೇಲೆ ಪ್ರಾಣ. ಆದರೆ ಆ ಮಗು ಇಂಥ ಮಾತು ಅದೆಷ್ಟು ಸಲ ಕೇಳಿತ್ತೋ!

ಇದನ್ನು ಪರೀಕ್ಷೆ ಮಾಡಿ ತೋರಿಸಿದವರಿದ್ದಾರೆ. ಅಮೆರಿಕದಲ್ಲಿ ಮೇಮಿ ಕ್ಲಾರ್ಕ್, ಕೆನೆತ್ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞ ದಂಪತಿ. 1940ರ ಸುಮಾರಿಗೆ ಅವರು ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ನಾಲ್ಕು ಗೊಂಬೆ ಇಟ್ಟರು. ಎಲ್ಲ ಒಂದೇ ಅಚ್ಚಿನವು. ಎರಡು ಕಂದು, ಎರಡು ಬಿಳಿ. ಆಡಲು ಇಷ್ಟವಾದದ್ದು ಕೊಡು ಅಂದಾಗ ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆ ಎತ್ತಿಕೊಟ್ಟರು. "ಕೆಟ್ಟದಾಗಿ ಕಾಣುವುದು ಯಾವುದು?" ಅಂದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಂದು ಗೊಂಬೆ ತೋರಿಸಿದರು. ಕೊನೆಯ ಪ್ರಶ್ನೆ, "ನಿನ್ನ ಹಾಗಿರುವುದು ಯಾವುದು?" ಅದನ್ನು ಕೇಳಿದಾಗ ಕೆಲವು ಮಕ್ಕಳು ಅಳುತ್ತಾ ಕೋಣೆಯಿಂದ ಎದ್ದು ಓಡಿದರು. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಎಂಬ ಪದ್ಧತಿಯನ್ನು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿದ ತೀರ್ಪಿನಲ್ಲಿ ಈ ಕೆಲಸದ ಉಲ್ಲೇಖವೂ ಇದೆ. ಬಿಳಿಯೇ ಚೆಂದ ಎಂದು ಆ ಮಕ್ಕಳಿಗೆ ಹೇಳಿಕೊಟ್ಟದ್ದು ಗೊಂಬೆಯಲ್ಲ. ಊರು, ಶಾಲೆ, ಬೀದಿ ಹೇಳಿಕೊಟ್ಟದ್ದು ಗೊಂಬೆಯ ಮುಂದೆ ಹೊರಗೆ ಬಂತು, ಅಷ್ಟೆ.

ಹಾಗಂತ ಗೊಂಬೆಯದೇನೂ ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ಬಾರ್ಬಿ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದೇ ಹೆಸರಿನ ಕಪ್ಪು ಗೊಂಬೆ ಬರಲು 1980 ಆಯಿತು. ದಪ್ಪ, ಕುಳ್ಳು ಮೈಕಟ್ಟು ಬಂದದ್ದು 2016ರಲ್ಲಿ. 2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಐದರಿಂದ ಎಂಟು ವರ್ಷದ 162 ಹುಡುಗಿಯರಿಗೆ ಚಿತ್ರ ತೋರಿಸಿ ಕಥೆ ಹೇಳಿದರು. ಬಾರ್ಬಿ ಚಿತ್ರ ನೋಡಿದ ಚಿಕ್ಕವರಿಗೆ ತಮ್ಮ ಮೈ ಬಗ್ಗೆ ಬೇಸರ ಜಾಸ್ತಿಯಾಗಿತ್ತು. ಆದ್ದರಿಂದ ಮನೆಯಲ್ಲಿ ಒಂದೇ ತರಹದ ಗೊಂಬೆ ಬೇಡ.

ಆದರೆ ಈಗಿರುವುದನ್ನು ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಅದು ಇನ್ನೂ ಬೆಲೆಬಾಳುವ ವಸ್ತುವಾಗುತ್ತದೆ. ಬೇರೆ ಬೇರೆ ಬಣ್ಣದ ಇನ್ನೆರಡು ಗೊಂಬೆ ಸುಮ್ನೆ ಜೊತೆಗೆ ಸೇರಿಸಿ. "ಇದು ನಿನ್ನ ಹಾಗಿದೆ" ಎಂದು ಪಾಠ ಮಾಡಲು ಹೋಗಬೇಡಿ. ಅರ್ಧ ಗಂಟೆ ಅವಳ ಜೊತೆ ನೆಲದ ಮೇಲೆ ಕೂತು ಆಡಿ. ಆಟದಲ್ಲಿ ಯಾರು ಮದುಮಗಳು, ಯಾರು ಕಳ್ಳಿ, ಯಾರು ಮುಸುರೆ ತಿಕ್ಕುವವಳು ನೋಡಿ. ನಾನು ಮೊದಲು ನೋಡುವುದೇ ಅದನ್ನು. ಕಂದು ಗೊಂಬೆಗೆ ದಿನಾ ಮುಸುರೆ ತಿಕ್ಕುವ ಕೆಲಸವೇ ಬಿದ್ದರೆ, ನಿಮ್ಮ ಕೈಲಿರುವ ಗೊಂಬೆಗೆ ಜ್ವರ ಬರಿಸಿ ಕಂದು ಗೊಂಬೆಯನ್ನು ಡಾಕ್ಟರ್ ಮಾಡಿ ಕರೆಸಿ.

ಮೈಸೂರು ಕಡೆಯವರಾದರೆ ನಿಮ್ಮ ಮನೆಯಲ್ಲಿ ಪಟ್ಟದ ಗೊಂಬೆ ಇರಬಹುದು, ಮದುವೆಯಲ್ಲಿ ತವರಿನಿಂದ ಬಂದ ರಾಜ ರಾಣಿ. ಹಳೆಯ ಜೋಡಿ ಎಷ್ಟೋ ಕಡೆ ರಕ್ತಚಂದನದ್ದು, ಮುಖ ಕಡುಗಂದು. ಅವರಿಗೆ ಪ್ರತಿ ವರ್ಷ ಹೊಸ ರೇಷ್ಮೆ ಉಡಿಸಿ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಆರತಿ ಎತ್ತುತ್ತೇವೆ. ಈ ಸಲ ರಾಣಿಗೆ ಸೀರೆ ಉಡಿಸುವ ಕೆಲಸ ಮಗಳಿಗೆ ಕೊಡಿ. ಅಂಚು ಸೊಟ್ಟಗಾಗಲಿ, ಪರವಾಗಿಲ್ಲ.

ಮನೆಯ ಮಾತನ್ನು ಮಾತ್ರ ಇವತ್ತೇ ತಿದ್ದಬೇಕು. "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಅಂತೀವಲ್ವಾ? ಆ "ಆದರೂ" ಮಗುವಿನ ಕಿವಿಗೆ ನೇರ ಬೀಳುತ್ತದೆ. ಅದನ್ನು ಬಿಡಿ. ಬಣ್ಣದಲ್ಲೇನಿದೆ ಎಂದೂ ಹೇಳಬೇಡಿ, ಅವಳು ನಂಬುವುದಿಲ್ಲ. ಎಲ್ಲರೂ ಅದನ್ನೇ ನೋಡುತ್ತಾರೆಂದು ಅವಳಿಗೆ ಆಗಲೇ ಗೊತ್ತು. "ನಿನ್ನ ಬಣ್ಣ ನಿಮ್ಮ ತಾತನದ್ದು, ನನಗೆ ಇಷ್ಟ" ಅನ್ನಿ. ಅತ್ತೆಯವರನ್ನೂ ಕೂರಿಸಿಕೊಂಡು ಇದನ್ನು ಓದಿ ಹೇಳಿ. ಮಗು ಮೈ ತರಚಿಕೊಳ್ಳುವಷ್ಟು ಉಜ್ಜಿಕೊಂಡರೆ, ಶಾಲೆಗೆ ಹೋಗಲ್ಲ, ಫೋಟೋಗೆ ನಿಲ್ಲಲ್ಲ ಅಂದರೆ ಕಾಯಬೇಡಿ, ಮಕ್ಕಳ ಮನಸ್ಸಿನ ತಜ್ಞರಿಗೆ ತೋರಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗ ಗೊಂಬೆಗೆ ಊಟ ಮಾಡಿಸುತ್ತಾನೆ, ಜೋಗುಳ ಹಾಡುತ್ತಾನೆ. ಹೆಣ್ಣಿಗನಾಗುತ್ತಾನಾ?

ಇಲ್ಲ. ಮುಂದೆ ತನ್ನ ಮಗುವಿಗೆ ಊಟ ಮಾಡಿಸಲು ಕಲಿಯುತ್ತಿದ್ದಾನೆ. ಇದಕ್ಕೆ "ಕೌನ್ಸೆಲಿಂಗ್" ಎಂದು ಹತ್ತು ಸಿಟ್ಟಿಂಗ್‌ಗೆ ದುಡ್ಡು ಕೇಳುವವರ ಬಾಗಿಲಿಗೆ ಹೋಗಬೇಡಿ.

ಪ್ರಶ್ನೆ: ಎರಡೂವರೆ ವರ್ಷವಾದರೂ ಮಾತಿಲ್ಲ. ಮಾತಾಡುವ ಗೊಂಬೆ ಕೊಡಿಸಲೇ? ನಾಲಿಗೆಗೆ ಬಜೆ ಹಚ್ಚುತ್ತಿದ್ದೇವೆ.

ಎರಡೂ ಬೇಡ. ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ, ಮೈಸೂರಿನಲ್ಲಿ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ. ಗೊಂಬೆಗೆ ಸುಳ್ಳು ಸುಳ್ಳೇ ಊಟ ಮಾಡಿಸುವ ಆಟವನ್ನೂ ಮಗು ಆಡದಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಪ್ರಶ್ನೆ: ಗೊಂಬೆಯಲ್ಲಿ ಗಾಳಿ ಸೇರಿದೆ, ತಾಯತ ಕಟ್ಟಿಸಬೇಕು ಅಂತ ಒಬ್ಬರು ಹೇಳಿದ್ದಾರೆ.

ಕಟ್ಟಿಸಬೇಡಿ, ಮಗುವಿನ ಮುಂದೆ ಆ ಮಾತೆತ್ತಲೂಬೇಡಿ.

ಪ್ರಶ್ನೆ: ಚಿಂದಿಯಾದ ಬಟ್ಟೆ ಗೊಂಬೆ ಇಲ್ಲದೆ ಮಗಳು ಮಲಗಲ್ಲ. ಎಸೆಯಲೇ?

ಎಸೆಯಬೇಡಿ. ಅವಳಿಗೆ ಹೇಳಿ ಒಗೆಯಿರಿ, ಅವಳ ಕಣ್ಣೆದುರೇ ಒಣಗಲಿ.

ಪ್ರಶ್ನೆ: ಜಾತ್ರೆಯಲ್ಲಿ ತಂದ ಹಾಡುವ ಗೊಂಬೆ ಒಂದೂವರೆ ವರ್ಷದ ಮಗುವಿಗೆ ಕೊಡಬಹುದಾ?

ಬೇಡ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ನೋಡಿ ಕೊಳ್ಳಿ. ಒಳಗಿನ ಬಟನ್ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸುತ್ತಾ ಕೂರಬೇಡಿ, ವಾಂತಿ ಮಾಡಿಸಬೇಡಿ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಮಾಡಿಸಿ.