ಪೋಪ್ ಇದ್ದರೂ ‘ಪೀಠ ಖಾಲಿ’ ಅನ್ನುವವರು ಯಾರು?

ಲ್ಯಾಟಿನ್ ಪೂಜೆಯೇ ಬೇಕು ಅನ್ನುವ ಕ್ಯಾಥೊಲಿಕರೆಲ್ಲ ಪೋಪ್ ವಿರೋಧಿಗಳಾ ಅಂತ ಕೇಳಿದ್ದೀರಿ. ಅಲ್ಲ.

ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಬಲಿಪೂಜೆಗೆ (ಕ್ಯಾಥೊಲಿಕರ ಮುಖ್ಯ ಆರಾಧನೆ, ಇಂಗ್ಲಿಷಿನಲ್ಲಿ ಮಾಸ್) ಕೂತು ನೋಡಿ. ನಡುವೆ ಪಾದ್ರಿ ಪೋಪ್ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಜಗಳದ ಗಂಟು ಆ ಹೆಸರಲ್ಲೇ ಇದೆ.

ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ್ದ 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಬಂತು. (ಕನ್ನಡ ಪೂಜೆಗೆ ದಾರಿಯಾಗಿದ್ದೂ ಅದೇ.) ಬೇರೆ ಧರ್ಮಗಳ ಬಗ್ಗೆ ಚರ್ಚಿನ ಮಾತೂ ಮೆತ್ತಗಾಯಿತು. ಇದು ಹಳೆಯ ಬೋಧನೆಗೆ ವಿರುದ್ಧ ಅಂತ ಕೆಲವರು ತಿರುಗಿಬಿದ್ದರು.

ಅವರಲ್ಲಿ ಹೆಚ್ಚು ಗಟ್ಟಿಯವರು, ಪೋಪ್ ಕೂರುವ ಪೀಠವೇ ಖಾಲಿ ಅನ್ನುವ ‘ಪೀಠ ಖಾಲಿ’ ಪಂಥದವರು. 1958ರಲ್ಲಿ ಹನ್ನೆರಡನೇ ಪಿಯುಸ್ ತೀರಿಕೊಂಡ ಮೇಲೆ ನಿಜವಾದ ಪೋಪೇ ಇಲ್ಲ ಅನ್ನುವುದು ಇವರಲ್ಲಿ ಬಹಳ ಜನರ ವಾದ. ನಿಜವಾದ ಪೋಪ್ ಚರ್ಚಿಗೆ ತಪ್ಪು ಬೋಧಿಸಲಾರ, ಆಮೇಲೆ ಬಂದ ಪೋಪ್‌ಗಳು ಬೋಧಿಸಿದ್ದಾರೆ, ಅಂದಮೇಲೆ ಅವರು ಪೋಪೇ ಅಲ್ಲ! ಹಾಗಾಗಿ ಪೂಜೆಯಲ್ಲಿ ಆ ಹೆಸರನ್ನೇ ಬಿಡುತ್ತಾರೆ.

ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ 1970ರಲ್ಲಿ ಕಟ್ಟಿದ ಹತ್ತನೇ ಪಿಯುಸ್ ಸಂಘದವರು ಹೆಸರು ಹೇಳುತ್ತಾರೆ, ಆದರೆ ಎಲ್ಲ ಮಾತೂ ಕೇಳುವುದಿಲ್ಲ. ಅಪ್ಪ ಅಪ್ಪನೇ, ಹೇಳಿದ್ದೆಲ್ಲ ಸರಿಯಲ್ಲ ಅಂದ ಹಾಗೆ. 1988ರಲ್ಲಿ ಲೆಫೆವ್ರ್ ಪೋಪ್ ಅಪ್ಪಣೆಯಿಲ್ಲದೆ ನಾಲ್ವರನ್ನು ಬಿಷಪ್ ಮಾಡಿದಾಗ ಅವರಿಗೂ ಆ ನಾಲ್ವರಿಗೂ ಬಹಿಷ್ಕಾರ ಬಿತ್ತು. ನಾಲ್ವರ ಮೇಲಿದ್ದದ್ದನ್ನು 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ತೆಗೆದರು.

ಇನ್ನು ಸುಮ್ನೆ ಲ್ಯಾಟಿನ್ ಪೂಜೆ ಇಷ್ಟ ಅನ್ನುವವರಿಗೆ, ಪೋಪ್ ನಿಜವಾದ ಪೋಪೇ ಅನ್ನುವುದರಲ್ಲಿ ತಕರಾರಿಲ್ಲ.

ನನಗೆ ‘ಪೀಠ ಖಾಲಿ’ ವಾದದ ಮೊದಲ ಮೆಟ್ಟಿಲೇ ಸಡಿಲ ಅನಿಸುತ್ತದೆ. 1870ರ ಮೊದಲನೇ ವ್ಯಾಟಿಕನ್ ಮಹಾಸಭೆ ಪೋಪ್ ಆಡಿದ್ದೆಲ್ಲ ತಪ್ಪಿಲ್ಲದ್ದು ಅಂದಿಲ್ಲ. ವಿಶ್ವಾಸ, ನೀತಿಯ ವಿಷಯದಲ್ಲಿ ಇಡೀ ಚರ್ಚಿಗೆ ಕೊನೆಯ ಮಾತಾಗಿ ಘೋಷಿಸಿದಾಗ ಮಾತ್ರ. ಅಂಥ ಘೋಷಣೆ ಆಮೇಲೆ ಎದ್ದು ಕಾಣುವಂತೆ ಆಗಿದ್ದು ಒಮ್ಮೆ, 1950ರಲ್ಲಿ, ಮರಿಯಮ್ಮನ ಸ್ವರ್ಗಾರೋಹಣದ ಬಗ್ಗೆ. ಅದೂ 1958ಕ್ಕೆ ಮೊದಲೇ.