ಕೆಂಪಗಿರೋದೆಲ್ಲ ಮಾಣಿಕ್ಯ ಅಲ್ಲ

ಹರಳುಗಳ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ "ಯಾವ ರಾಶಿಗೆ ಯಾವ ಹರಳು" ಅನ್ನುವಂಥವು. ಅದು ನನ್ನ ಕೆಲಸ ಅಲ್ಲ, ಅವನ್ನು ಪಕ್ಕಕ್ಕಿಟ್ಟಿದ್ದೇನೆ. ಕಲ್ಲು ಯಾವುದು, ಅದಕ್ಕೆ ಏನೇನು ಮಾಡಿದ್ದಾರೆ, ಎಷ್ಟು ಬಾಳುತ್ತದೆ ಅನ್ನುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಅಜ್ಜಿಯ ಕೆಂಪಿನ ಅಡ್ಡಿಕೆ (ಕೆಂಪು ಕಲ್ಲಿನ ಕೊರಳ ಒಡವೆ) ನಮ್ಮಲ್ಲಿದೆ. ತೊಂಬತ್ತು ನೂರು ವರ್ಷ ಹಳೆಯದು. ಅಂಗಡಿಗೆ ಒಯ್ದರೆ "ಕೆಂಪಿಗೆ ಏನೂ ಬರಲ್ಲ, ತೂಕದಲ್ಲಿ ಕಳೀತೀವಿ" ಅಂದರು. ಅಷ್ಟು ಹಳೇ ಒಡವೆಯಲ್ಲಿ ಇರೋದು ಅಸಲಿ ಮಾಣಿಕ್ಯವೇ ಅಲ್ವಾ? (ಓದುಗರೊಬ್ಬರು, ಮೈಸೂರು)

ಹಳೆಯದು ಅನ್ನುವುದೊಂದೇ ಸಾಕ್ಷಿಯಾಗುವುದಿಲ್ಲ. ಕುಲುಮೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ಓಗ್ಯುಸ್ತ್ ವರ್ನೂಯ್ 1902ರಲ್ಲೇ ಪ್ರಕಟಿಸಿದ. ಅಲ್ಯೂಮಿನಿಯಂ ಆಕ್ಸೈಡ್ ಪುಡಿಗೆ ಚೂರು ಕ್ರೋಮಿಯಂ ಬೆರೆಸಿ, ಹೈಡ್ರೋಜನ್ ಮತ್ತು ಆಕ್ಸಿಜನ್ ಉರಿಯ ಮೂಲಕ ಉದುರಿಸುತ್ತಾರೆ. ಪುಡಿ ಕರಗಿ, ಕೆಳಗೆ ಬಿದ್ದು ಗಟ್ಟಿಯಾಗುತ್ತಾ ಹರಳು ಬೆಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಈ ಹರಳು ಜಗತ್ತಿನ ಒಡವೆ ಪೇಟೆಗಳಿಗೆಲ್ಲ ಹಬ್ಬಿತು. ಹಾಗಾಗಿ 1920, 30ರ ದಶಕದ ಒಡವೆಗಳಲ್ಲಿ ಬರ್ಮಾದ ಮಾಣಿಕ್ಯವೂ ಸಿಗುತ್ತದೆ, ಕುಲುಮೆಯ ಕೆಂಪೂ ಸಿಗುತ್ತದೆ, ಬರೀ ಗಾಜೂ ಸಿಗುತ್ತದೆ. ಒಂದೇ ಒಡವೆಯಲ್ಲಿ ಮೂರೂ ಕೂತಿರುವುದುಂಟು. ಕಲ್ಲು ಉದುರಿದಾಗೆಲ್ಲ ಆಚಾರಿ ತನ್ನ ಡಬ್ಬಿಯಲ್ಲಿ ಇದ್ದದ್ದನ್ನು ಕೂರಿಸಿಕೊಟ್ಟಿರುತ್ತಾನೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇಟ್ಟು ನೋಡಿದರೆ ಅರ್ಧ ಕತೆ ಗೊತ್ತಾಗುತ್ತದೆ. ಕುಲುಮೆಯ ಹರಳಿನೊಳಗೆ ತೆಳ್ಳನೆ ಗೆರೆಗಳು ಬಿಲ್ಲಿನಂತೆ ಬಾಗಿರುತ್ತವೆ, ಜೊತೆಗೆ ದುಂಡನೆ ಗುಳ್ಳೆಗಳೂ ಇರಬಹುದು. ನೆಲದಲ್ಲಿ ಬೆಳೆದ ಮಾಣಿಕ್ಯದಲ್ಲಿ ಗೆರೆಗಳು ನೇರ. ತಿರುಗಿದರೆ ಕೋನ ಮಾಡಿಕೊಂಡು ತಿರುಗುತ್ತವೆಯೇ ಹೊರತು ಬಾಗುವುದಿಲ್ಲ. ಒಳಗೆ ರೇಷ್ಮೆ ಎಳೆಯಂಥ ಸಣ್ಣ ಸೂಜಿಗಳು ಒಂದನ್ನೊಂದು ದಾಟಿಕೊಂಡು ಹೋಗಿದ್ದರೆ ಒಳ್ಳೆಯ ಲಕ್ಷಣ. ಗಾಜಾದರೆ ಮೂಲೆಗಳು ಸವೆದು ಮೊಂಡಾಗಿರುತ್ತವೆ, ಮೈಯೆಲ್ಲ ಗೀರು. ಹಳೆಯ ಒಡವೆಯಲ್ಲಿ ಹಿಂಬದಿ ಮುಚ್ಚಿ, ಕಲ್ಲಿನ ಕೆಳಗೆ ಹೊಳೆಯುವ ತಗಡು ಇಡುತ್ತಿದ್ದರು. ಹೀಗಾಗಿ ಕಣ್ಣಿಗೆ ಕಾಣುವ ಕೆಂಪು ಕಲ್ಲಿನದೋ ತಗಡಿನದೋ ಎಂದು ಮೇಲಿಂದ ನೋಡಿ ಹೇಳುವುದು ಕಷ್ಟ.

ಯೂಟ್ಯೂಬ್ ನೋಡಿ ಯುವಿ ಟಾರ್ಚ್ ತಂದಿರುವವರಿಗೆ ಒಂದು ಮಾತು. ಬರ್ಮಾ ಮಾಣಿಕ್ಯ ಆ ಬೆಳಕಿಗೆ ಕೆಂಡದಂತೆ ಕೆಂಪಗೆ ಹೊಳೆಯುವುದು ನಿಜ. ಕುಲುಮೆಯದು ಅದಕ್ಕಿಂತ ಜಾಸ್ತಿ ಹೊಳೆಯುತ್ತದೆ!

ಬರೀ ಬಣ್ಣ ನೋಡಿ ಮೋಸಹೋದವರಲ್ಲಿ ರಾಜರೂ ಇದ್ದಾರೆ. ಬ್ರಿಟಿಷ್ ರಾಜಕಿರೀಟದ ಮುಂಭಾಗದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆ ಖನಿಜ. 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡಾಗ ಲಾಹೋರಿನ ಖಜಾನೆಯಿಂದ ಬ್ರಿಟಿಷರ ಪಾಲಾದ 'ತೈಮೂರ್ ರೂಬಿ'ಯೂ ಅಷ್ಟೇ, ಸ್ಪಿನೆಲ್. ಮಾಣಿಕ್ಯದೊಳಗೆ ಹೊಕ್ಕ ಬೆಳಕು ಎರಡಾಗಿ ಸೀಳುತ್ತದೆ, ಸ್ಪಿನೆಲ್‌ನಲ್ಲಿ ಸೀಳುವುದಿಲ್ಲ. ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸ್ಪಿನೆಲ್ ಸುಮಾರು 1.72 ತೋರಿಸುತ್ತದೆ, ಮಾಣಿಕ್ಯ 1.76ರಿಂದ 1.77. ಈ ಉಪಕರಣ ಇಲ್ಲದ ಕಾಲದಲ್ಲಿ ಎಷ್ಟೋ ಜನರಿಗೆ ಎರಡೂ ಒಂದೇ ಆಗಿದ್ದವು.

ನಿಮ್ಮ ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತಲೂ ಅಲ್ಲ. ಅವರು ಕೊಳ್ಳುವುದು ಕರಗಿಸುವ ಚಿನ್ನವನ್ನು. ಕಲ್ಲು, ಒಳಗೆ ತುಂಬಿದ ಅರಗು ಎಲ್ಲ ಅವರ ಲೆಕ್ಕದಲ್ಲಿ ಕಳೆಯುವ ತೂಕ. ಆದರೆ ಒಂದು ಸಲ ಕಲ್ಲು ಕಿತ್ತರೆ ಆ ಅಡ್ಡಿಕೆ ಮತ್ತೆ ಬರುವುದಿಲ್ಲ. ಕೀಳಿಸುವ ಮೊದಲು ರತ್ನ ಪರೀಕ್ಷೆ ಮಾಡುವ ಲ್ಯಾಬಿಗೆ ಒಡವೆ ಇದ್ದ ಹಾಗೇ ತೋರಿಸಿ.

ಕನಕ ಪುಷ್ಯರಾಗ ಅಂತ ಹೇಳಿ ಆರು ಕ್ಯಾರೆಟ್ ಹರಳು ಕೊಟ್ಟಿದ್ದಾರೆ. ಮನೆಯಲ್ಲೇ ಪರೀಕ್ಷೆ ಮಾಡೋ ದಾರಿ ಇದೆಯಾ? ಹಾಲಲ್ಲಿ ಹಾಕಿ ನೋಡಿ, ಹಾಲಿಗೆ ಅದರ ಬಣ್ಣ ಬಂದರೆ ಅಸಲಿ ಅನ್ನುತ್ತಾರೆ. (ಓದುಗರೊಬ್ಬರು, ದಾವಣಗೆರೆ)

ಹಾಲನ್ನು ಕಾಫಿಗೆ ಬಳಸಿ. ಬಣ್ಣದ ಗಾಜು ಹಾಕಿದರೂ ಹಾಲಿನಲ್ಲಿ ಅದರ ಛಾಯೆ ಕಾಣುತ್ತದೆ. ಗಾಜಿನ ಮೇಲೆ ಗೀರಿ ನೋಡುವುದೂ ಸುಮ್ನೆ. ಹತ್ತರವರೆಗಿನ ಅಳತೆಯಲ್ಲಿ ಗಾಜಿನ ಗಡಸುತನ ಐದೂವರೆ ಆಸುಪಾಸು, ಸ್ಫಟಿಕದ್ದು ಏಳು. ಅಗ್ಗದ ಸ್ಫಟಿಕವೂ ಗಾಜನ್ನು ಗೀರುತ್ತದೆ.

ಹಳದಿ ಹರಳಿಗೆ ಒಂದು ಒಳ್ಳೆಯ ಪರೀಕ್ಷೆ ಇದೆ. ಕಲ್ಲು ಬಿಡಿಯಾಗಿರಬೇಕು, ಉಂಗುರಕ್ಕೆ ಕೂರಿಸಿರಬಾರದು. 0.01 ಗ್ರಾಂ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೊದಲು ಕಲ್ಲಿನ ತೂಕ ನೋಡಿ. ಆರು ಕ್ಯಾರೆಟ್ ಅಂದರೆ 1.20 ಗ್ರಾಂ ಬರಬೇಕು. ಈಗ ಸಣ್ಣ ಲೋಟದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲನ್ನು ತೆಳ್ಳನೆ ದಾರಕ್ಕೆ ಕಟ್ಟಿ, ದಾರ ಕೈಯಲ್ಲೇ ಹಿಡಿದು, ಕಲ್ಲು ಪೂರ್ತಿ ನೀರಲ್ಲಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವುದು ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ.

0.30 ಬಂದರೆ ಉತ್ತರ 4. ಪುಷ್ಯರಾಗ, ಅಂದರೆ ಹಳದಿ ಸಫೈರ್, 4ರ ಹತ್ತಿರವೇ ಇರುತ್ತದೆ. 0.34 ಬಂದರೆ ಉತ್ತರ ಮೂರೂವರೆ, ಬಹುಶಃ ಟೋಪಾಜ್. 0.45 ಬಂದರೆ 2.65ರ ಹತ್ತಿರ. ಅದು ಸಿಟ್ರಿನ್, ಹಳದಿ ಸ್ಫಟಿಕ. ಪುಷ್ಯರಾಗದ ಹೆಸರಲ್ಲಿ ಕೈಗೆ ಬರುವುದು ಬಹಳ ಸಲ ಇದೇ. ಕಲ್ಲು ಒಂದೆರಡು ಕ್ಯಾರೆಟ್‌ನದಾದರೆ ಈ ತಕ್ಕಡಿ ಸಾಲದು, ತಪ್ಪು ಲೆಕ್ಕ ಬರುತ್ತದೆ.

4 ಬಂತು ಅಂತ ಕುಣಿಯುವುದೂ ಬೇಡ. ಕುಲುಮೆಯಲ್ಲಿ ಬೆಳೆಸಿದ ಹಳದಿ ಸಫೈರಿಗೂ 4 ಬರುತ್ತದೆ. ಬಣ್ಣ ಸರಿಯಿಲ್ಲದ ಸಫೈರನ್ನು ಬೆರಿಲಿಯಂ ಜೊತೆ ಕಾಯಿಸಿ ಹಳದಿ ಬರಿಸಿದ್ದಕ್ಕೂ ಅಷ್ಟೇ. 2000ದ ದಶಕದ ಶುರುವಿನಲ್ಲಿ ಥಾಯ್ಲೆಂಡಿನಿಂದ ಇಂಥ ಕಲ್ಲು ಬಂದಾಗ ದೊಡ್ಡ ಲ್ಯಾಬುಗಳೇ ತಬ್ಬಿಬ್ಬಾಗಿದ್ದವು. ಅದನ್ನು ಹಿಡಿಯಲು ದುಬಾರಿ ಯಂತ್ರಗಳೇ ಬೇಕು.

ಪ್ರೆಶಸ್, ಸೆಮಿ ಪ್ರೆಶಸ್ ಅಂತ ವಿಂಗಡಿಸುವುದು ಯಾವ ಆಧಾರದ ಮೇಲೆ? (ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ)

ವ್ಯಾಪಾರದ ಆಧಾರದ ಮೇಲೆ. ವಿಜ್ಞಾನಕ್ಕೆ ಆ ಗೆರೆ ಇಲ್ಲ. ಅಲ್ಲಿ ಕೇಳುವುದು ರಾಸಾಯನಿಕ ರಚನೆ ಏನು, ಹರಳಿನ ಜೋಡಣೆ ಹೇಗೆ ಅಂತ. ಮಾಣಿಕ್ಯ, ನೀಲ, ಕನಕ ಪುಷ್ಯರಾಗ ಮೂರೂ ಕೊರಂಡಮ್ ಎಂಬ ಒಂದೇ ಖನಿಜ. ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಪಚ್ಚೆ ಮತ್ತು ತಿಳಿನೀಲಿ ಅಕ್ವಾಮರೀನ್ ಎರಡೂ ಬೆರಿಲ್ ಎಂಬ ಖನಿಜ. ನಮ್ಮ ನವರತ್ನದಲ್ಲಿರುವ ಮುತ್ತು, ಹವಳ ಎರಡೂ ಜೀವಿಗಳು ಮಾಡಿದ್ದು. ಬೆಲೆಯಲ್ಲೂ ಆ ಗೆರೆ ನಿಲ್ಲುವುದಿಲ್ಲ. ಸೆಮಿ ಪ್ರೆಶಸ್ ಪಟ್ಟಿಯಲ್ಲಿರುವ ಗಾರ್ನೆಟ್ ಕಲ್ಲಿನಲ್ಲಿ ಒಳ್ಳೆಯ ಹಸಿರಿನದು ಒಂದು, ಮಬ್ಬು ಮಾಣಿಕ್ಯದ ರಾಶಿಗಿಂತ ದುಬಾರಿ. ಪರೀಕ್ಷೆಯಲ್ಲಿ ಬರೆಯಬೇಕಾದರೆ ಬರೆಯಿರಿ, ಅಂಗಡಿಯಲ್ಲಿ ನಂಬಬೇಡಿ.

ಒಂದು ಕಡೆ ಮಾಣಿಕ್ಯ ಕ್ಯಾರೆಟ್‌ಗೆ ಕೆಲವು ನೂರು ರೂಪಾಯಿ, ಇನ್ನೊಂದು ಕಡೆ ಲಕ್ಷದ ಮೇಲೆ. ಎರಡಕ್ಕೂ "ನ್ಯಾಚುರಲ್" ಅಂತ ಸರ್ಟಿಫಿಕೇಟ್ ಇದೆ. ಇದು ಹೇಗೆ ಸಾಧ್ಯ? (ಓದುಗರೊಬ್ಬರು, ಬೆಂಗಳೂರು)

ಎರಡೂ ಸರ್ಟಿಫಿಕೇಟ್ ನಿಜ ಹೇಳುತ್ತಿರಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ 'ಕಾಮೆಂಟ್ಸ್' ಅಂತ ಒಂದು ಸಾಲು ಇರುತ್ತದೆ ನೋಡಿ. ಬೆಲೆ ಕೂತಿರುವುದು ಅಲ್ಲಿ. ಅಗ್ಗದ್ದರಲ್ಲಿ ಬಹುಶಃ 'ಲೆಡ್ ಗ್ಲಾಸ್ ಫಿಲ್ಡ್' ಅಂತ ಇರುತ್ತದೆ. ಬಿರುಕು ತುಂಬಿದ, ಬೆಳಕೇ ತೂರದ ಕೊರಂಡಮ್ ಚೂರನ್ನು ತೊಳೆದು, ಬಿರುಕಿಗೆ ಸೀಸದ ಗಾಜು ಕರಗಿಸಿ ಇಳಿಸುತ್ತಾರೆ. ಸೀಸದ ಗಾಜು ಬೆಳಕನ್ನು ಹೆಚ್ಚು ಕಡಿಮೆ ಮಾಣಿಕ್ಯದಷ್ಟೇ ಬಾಗಿಸುವುದರಿಂದ ಬಿರುಕು ಮಾಯ! 2004ರ ಸುಮಾರಿಗೆ ಪೇಟೆಗೆ ಬಂದ ಈ ಮಾಲು ಈಗ ಎಲ್ಲೆಲ್ಲೂ ಇದೆ. ಲೂಪ್ ಇಟ್ಟು ಕಲ್ಲನ್ನು ನಿಧಾನ ಅತ್ತಿತ್ತ ಆಡಿಸಿದರೆ ಒಳಗೆ ಒಂದು ನೀಲಿ ಮಿಂಚು ಹೊಡೆದು ಮರೆಯಾಗುತ್ತದೆ, ಚಪ್ಪಟೆ ಗುಳ್ಳೆಗಳೂ ಕಾಣುತ್ತವೆ. ಇಂಥ ಹರಳಿನ ಉಂಗುರವನ್ನು ರಿಪೇರಿಗೆ ಕೊಟ್ಟರೆ ಬೆಂಕಿ, ಆಸಿಡ್ ತಾಗಿ ಗಾಜು ಹಾಳಾಗುತ್ತದೆ. ನಿಂಬೆರಸ ಕೂಡ ಅದನ್ನು ತಿನ್ನುತ್ತದೆ.

ಬರೀ ಕಾಯಿಸಿದ ಮಾಣಿಕ್ಯ ಬೇರೆ ಮಾತು. ಅದು ಪೇಟೆ ಒಪ್ಪಿದ ಪದ್ಧತಿ, ಬಣ್ಣವೂ ಉಳಿಯುತ್ತದೆ. ಆದರೂ ಒಂದೇ ಗುಣದ ಎರಡು ಕಲ್ಲಲ್ಲಿ ಕಾಯಿಸದ್ದಕ್ಕೆ ಬೆಲೆ ಬಹಳ ಮೇಲೆ. ಪಚ್ಚೆಯಲ್ಲಿ ಕಾಯಿಸುವುದಿಲ್ಲ, ಬಿರುಕು ಕಾಣದಂತೆ ಎಣ್ಣೆ ಕುಡಿಸುತ್ತಾರೆ. ಎಷ್ಟು ಕುಡಿದಿದೆ ಎಂಬುದರ ಮೇಲೆ ಬೆಲೆ. ಬಿಸಿನೀರಲ್ಲಿ, ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆದರೆ ಎಣ್ಣೆ ಹೊರಬಂದು ಪಚ್ಚೆ ಮಬ್ಬಾಗುತ್ತದೆ.

ಕೊನೆಗೆ ಬರುವುದು ಕಲ್ಲು ಸಿಕ್ಕ ಊರು. 2015ರಲ್ಲಿ 25.59 ಕ್ಯಾರೆಟ್ಟಿನ ಬರ್ಮಾ ಮಾಣಿಕ್ಯ 'ಸನ್‌ರೈಸ್ ರೂಬಿ' ಹರಾಜಿನಲ್ಲಿ ಸುಮಾರು 3.03 ಕೋಟಿ ಡಾಲರ್‌ಗೆ ಹೋಯಿತು. 2023ರಲ್ಲಿ ಮೊಜಾಂಬಿಕ್‌ನ 'ಎಸ್ಟ್ರೆಲಾ ಡಿ ಫುರಾ' 55.22 ಕ್ಯಾರೆಟ್, 3.48 ಕೋಟಿ ಡಾಲರ್. ಕಲ್ಲು ಎರಡು ಪಟ್ಟಿಗಿಂತ ದೊಡ್ಡದು, ಒಟ್ಟು ಬೆಲೆಯಲ್ಲಿ ದಾಖಲೆ. ಆದರೆ ಕ್ಯಾರೆಟ್ ಲೆಕ್ಕದಲ್ಲಿ ಬರ್ಮಾದ್ದರ ಅರ್ಧ ಚಿಲ್ಲರೆ. ಬಣ್ಣ, ಗುಣದ ವ್ಯತ್ಯಾಸವೂ ಅದರಲ್ಲಿ ಸೇರಿದೆ ಅನ್ನಿ. ಆದರೂ ನಮ್ಮ ನಿಮ್ಮಂಥವರು ಕೊಳ್ಳುವ ಎರಡು ಕ್ಯಾರೆಟ್ಟಿಗೆ ಊರಿನ ಹೆಸರಿಗೆ ದುಡ್ಡು ಕೊಡುವುದು ನನಗೇನೋ ದಂಡ ಅನ್ನಿಸುತ್ತದೆ.

ಇನ್ನೊಂದು ಮಾತು. ಬಿಲ್ಲಿನಲ್ಲಿ ತೂಕವನ್ನು ರತ್ತಿಯಲ್ಲಿ ಬರೆಸಬೇಡಿ. ಕೆಲವರ ರತ್ತಿ 0.12 ಗ್ರಾಂ, ಕೆಲವರದು 0.18. ಕ್ಯಾರೆಟ್ ಎಲ್ಲಿ ಹೋದರೂ 0.2 ಗ್ರಾಂ. ಹಾಲ್‌ಮಾರ್ಕ್ ಇದೆಯಲ್ಲ ಅನ್ನಬೇಡಿ, ಅದು ಚಿನ್ನ, ಬೆಳ್ಳಿಗೆ ಮಾತ್ರ, ಹರಳಿಗಲ್ಲ.

ಮಗಳ ಮದುವೆಗೆ ವಜ್ರದ ಓಲೆ ತಗೊಂಡೆವು. ಅಂಗಡಿಯವರು ಪೆನ್ನಿನಂಥ ಯಂತ್ರ ತಾಗಿಸಿ "ಬೀಪ್" ಅನ್ನಿಸಿ ತೋರಿಸಿದರು. ಅಷ್ಟು ಸಾಕಾ? (ಓದುಗರೊಬ್ಬರು, ಹುಬ್ಬಳ್ಳಿ)

ಸಾಲದು. ಆ ಪೆನ್ನು ಕಲ್ಲು ಶಾಖವನ್ನು ಎಷ್ಟು ಬೇಗ ಒಯ್ಯುತ್ತದೆ ಎಂದಷ್ಟೇ ನೋಡುತ್ತದೆ. ಅಮೆರಿಕನ್ ಡೈಮಂಡ್ ಅಲ್ಲಿ ಸಿಕ್ಕಿಬೀಳುತ್ತದೆ. ವಜ್ರದಂತೆಯೇ ಕಾಣುವ ಮೊಯಿಸನೈಟ್ ಎಂಬ ಬೇರೆ ಕಲ್ಲು ಮಾತ್ರ ಬಹಳ ಸಲ ದಾಟಿಬಿಡುತ್ತದೆ. ಅದನ್ನು ಓರೆಯಾಗಿ ಹಿಡಿದು ಲೂಪ್‌ನಲ್ಲಿ ನೋಡಿದರೆ ಹಿಂಭಾಗದ ಅಂಚುಗಳು ಜೋಡಿಜೋಡಿಯಾಗಿ ಕಾಣುತ್ತವೆ. ವಜ್ರದಲ್ಲಿ ಹಾಗೆ ಕಾಣುವುದಿಲ್ಲ.

ಯಂತ್ರದಲ್ಲಿ ಬೆಳೆಸಿದ ಲ್ಯಾಬ್ ವಜ್ರಕ್ಕೂ ಬೀಪ್ ಬರುತ್ತದೆ, ಯಾಕೆಂದರೆ ಅದೂ ವಜ್ರವೇ. ಅದೇ ಇಂಗಾಲ, ಅದೇ ಗಡಸು. ಸೂರತ್ತಿನಲ್ಲಿ ಈಗ ರಾಶಿಗಟ್ಟಲೆ ಬೆಳೆಯುತ್ತಾರೆ. ಕೊಹಿನೂರಿನಂಥ ಗೋಲ್ಕೊಂಡಾ ವಜ್ರಗಳ ಹಿರಿಮೆ ಏನೆಂದರೆ ಅವುಗಳಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ವಿಜ್ಞಾನಿಗಳು ಇದನ್ನು 'ಟೈಪ್ 2ಎ' ಅನ್ನುತ್ತಾರೆ. ಗಣಿಯಿಂದ ಬರುವ ವಜ್ರಗಳಲ್ಲಿ ಇಂಥವು ನೂರಕ್ಕೆ ಒಂದೆರಡು. ಸಿವಿಡಿ ವಿಧಾನದ (ಅನಿಲದಿಂದ ಪದರ ಪದರವಾಗಿ ಬೆಳೆಸಿದ) ಲ್ಯಾಬ್ ವಜ್ರಗಳು ಬಹುತೇಕ ಇದೇ ಟೈಪ್! ಹಾಗಾಗಿ ರತ್ನ ಪರೀಕ್ಷೆಯ ಲ್ಯಾಬಿನ ಯಂತ್ರಕ್ಕೆ ಟೈಪ್ 2ಎ ಕಲ್ಲು ಸಿಕ್ಕರೆ ಮೊದಲು ಅನುಮಾನದ ಪಟ್ಟಿಗೆ ಹಾಕಿ ಮತ್ತೆ ಪರೀಕ್ಷೆ ಮಾಡುತ್ತಾರೆ.

ಲ್ಯಾಬ್ ವಜ್ರ ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದರ ಬೆಲೆ ಕೆಲವೇ ವರ್ಷಗಳಲ್ಲಿ ದೊಡ್ಡದಾಗಿ ಕುಸಿದಿದೆ, ಗಣಿಯ ವಜ್ರದ ರೇಟು ಕೊಟ್ಟಿದ್ದರೆ ನಷ್ಟ. ಬಿಲ್ಲಿನಲ್ಲಿ ಯಾವುದೆಂದು ಬರೆಸಿಕೊಳ್ಳಿ. ಸರ್ಟಿಫಿಕೇಟ್ ನಂಬರನ್ನು ವಜ್ರದ ಸೊಂಟದ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ್ದರೆ ಅಂಗಡಿಯಲ್ಲೇ ಲೂಪ್ ಕೇಳಿ ಓದಿ. ವಾಪಸ್ ಕೊಟ್ಟರೆ ಎಷ್ಟು ಕೊಡುತ್ತಾರೆ ಎಂದೂ ಬರಹದಲ್ಲಿ ಪಡೆಯಿರಿ.

ಸುಳ್ಯದ ಕಡೆ ನಮ್ಮ ತೋಟದ ತೋಡಿನಲ್ಲಿ ನೇರಳೆಗೆಂಪು ಕಲ್ಲು ಸಿಕ್ಕಿದೆ. ಮಾಣಿಕ್ಯವಾ? ಬೆಲೆ ಬರುತ್ತದಾ? (ಓದುಗರೊಬ್ಬರು, ದಕ್ಷಿಣ ಕನ್ನಡ)

ಗಾರ್ನೆಟ್ ಆಗಿರಬಹುದು, ಕೊರಂಡಮ್ ಕೂಡ ಆಗಿರಬಹುದು. ಕರ್ನಾಟಕದಲ್ಲಿ ಎರಡೂ ಇವೆ. ಕಲ್ಲು ಆರು ಮುಖದ ಸಣ್ಣ ಪೀಪಾಯಿಯಂತೆ ಉದ್ದಕ್ಕಿದ್ದರೆ ಕೊರಂಡಮ್ ಕಡೆ ವಾಲಿ. ಸುತ್ತಲೂ ಮುಖಗಳಿರುವ ಉಂಡೆಯಂತಿದ್ದರೆ ಗಾರ್ನೆಟ್ ಕಡೆ. ಮೇಲೆ ಹೇಳಿದ ನೀರಿನ ಪರೀಕ್ಷೆ ಇಲ್ಲಿ ಅಷ್ಟು ಸಹಾಯ ಮಾಡುವುದಿಲ್ಲ, ಗಾರ್ನೆಟ್ಟಿಗೂ 4ರ ಆಸುಪಾಸು ಬರಬಹುದು. ಗುಂಡಗೆ ಉಜ್ಜಿಸಿ ಮೇಲಿಂದ ಒಂದೇ ಟಾರ್ಚ್ ಬಿಟ್ಟಾಗ ಆರು ಗೆರೆಯ ನಕ್ಷತ್ರ ಮೂಡಿದರೆ ಸ್ಟಾರ್ ರೂಬಿ ಇರಬಹುದು. ಗಾರ್ನೆಟ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಗೆರೆ.

ಬೆಲೆಯ ಬಗ್ಗೆ ಜಾಸ್ತಿ ಆಸೆ ಬೇಡ. ಮೈಸೂರು ಸೀಮೆಯ ಸ್ಟಾರ್ ರೂಬಿಗೆ ಹೊರಗೂ ಹೆಸರಿದೆ, ಆದರೆ ಅದು ಬೆಳಕು ತೂರದ ಕಲ್ಲು, ಬರ್ಮಾದ ಬೆಲೆ ಬರುವುದಿಲ್ಲ. ತೋಡಿನಲ್ಲಿ ಸಿಕ್ಕಿತೆಂದು ಕಾಡಿಗೆ ಹಾರೆ ಹಿಡಿದು ಹೋಗಬೇಡಿ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ಹರಳುಕಲ್ಲಿಗೆ ಅಗೆದು ಕೇಸು ಹಾಕಿಸಿಕೊಂಡವರ ಸುದ್ದಿ ನೀವೇ ಓದಿರುತ್ತೀರಿ. ಕಲ್ಲನ್ನು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ತೋರಿಸಿ ಕೇಳಿ. ಅಲ್ಲಿಯವರೆಗೆ "ಒಡೆಯದಿದ್ದರೆ ಅಸಲಿ" ಅಂತ ಯಾರಾದರೂ ಸುತ್ತಿಗೆ ಎತ್ತಿದರೆ ತಡೆಯಿರಿ. ಗಡಸು ಅಂದರೆ ಗೀರು ಬೀಳುವುದಿಲ್ಲ ಅಂತ ಅಷ್ಟೇ, ಪೆಟ್ಟಿಗೆ ಮಾಣಿಕ್ಯವೂ ಒಡೆಯುತ್ತದೆ.